ಹತ್ತಿ, ರೇಷ್ಮೆ, ಉಣ್ಣೆ: ಕರಾವಳಿಯ ಮನೆಯಲ್ಲಿ ಬಟ್ಟೆ ಬಾಳಿಕೆ ಬರಬೇಕೆಂದರೆ (ಪದೇ ಪದೇ ಕೇಳುವ ಪ್ರಶ್ನೆಗಳು)

ನಮ್ಮ ಕಡೆ ಬಟ್ಟೆ ಉಟ್ಟು ಹರಿಯುವುದಕ್ಕಿಂತ ಕಪಾಟಿನಲ್ಲಿ ಇಟ್ಟು ಹಾಳಾಗುವುದೇ ಜಾಸ್ತಿ. ಜೂನ್ ತಿಂಗಳಲ್ಲಿ ಮಡಚಿಟ್ಟ ಸೀರೆಯನ್ನು ಚೌತಿಗೆ ತೆಗೆದರೆ ಮಡಿಕೆಯುದ್ದಕ್ಕೂ ಬಿಳಿ ಬೂಷ್ಟು. ಬಟ್ಟೆಯ ಬಗ್ಗೆ ಟಿವಿಯಲ್ಲಿ ಬರುವ ಸಲಹೆಗಳೆಲ್ಲ ಒಣ ಊರಿನವು. ಕಾರವಾರದ ಉಪ್ಪುಗಾಳಿ, ಶಿರಸಿಯ ಜಡಿಮಳೆ ಅವರಿಗೆ ಗೊತ್ತಿಲ್ಲ. ಹಾಗಾಗಿ ನೆಂಟರು, ಪಕ್ಕದ ಮನೆಯವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಅಂಗಡಿಯವರು ಪ್ಯೂರ್ ಕಾಟನ್ ಅಂತಾರೆ. ನಂಬುವುದು ಹೇಗೆ?

ಅಂಚಿನಿಂದ ಒಂದೆರಡು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಡುತ್ತದೆ, ಬೂದಿ ಮೆತ್ತಗೆ ಉದುರುತ್ತದೆ. ರೇಷ್ಮೆ, ಉಣ್ಣೆ ಎರಡೂ ಕೂದಲು ಸುಟ್ಟ ವಾಸನೆ. ತುದಿಯಲ್ಲಿ ಕಪ್ಪು ಗುಂಡು ಆಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಒತ್ತಿದರೂ ಪುಡಿಯಾಗುವುದಿಲ್ಲ. ಹೊಕ್ಕು (ಅಡ್ಡ ಎಳೆ), ಹಾಸು (ಉದ್ದ ಎಳೆ) ಎರಡರಿಂದಲೂ ತೆಗೆಯಿರಿ. ಒಂದು ಹತ್ತಿ, ಇನ್ನೊಂದು ಬೇರೆ ಅನ್ನುವ ಬಟ್ಟೆ ಬೇಕಾದಷ್ಟಿದೆ. ಪಾತ್ರೆ ತೊಳೆಯುವ ಕಟ್ಟೆಯ ಮೇಲೆ, ಪಕ್ಕದಲ್ಲಿ ನೀರು ಇಟ್ಟುಕೊಂಡು ಮಾಡಿ.

ಹತ್ತಿಗೆ ಹಾಕುವ ಸೋಪಿನ ಪುಡಿಯನ್ನೇ ರೇಷ್ಮೆಗೂ ಹಾಕಿದರೆ ಏನಾಗುತ್ತದೆ?

ಮೊದಲ ಸಲ ಏನೂ ಆಗುವುದಿಲ್ಲ. ಅದೇ ತೊಂದರೆ. ನಾಲ್ಕನೇ ಸಲಕ್ಕೆ ಹೊಳಪು ಹೋಗಿರುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಹತ್ತಿ ಗಿಡದ ನಾರು. ಅದಕ್ಕೆ ಕ್ಷಾರ ಅಂದರೆ ಭಯವಿಲ್ಲ. ಹಿಂದೆ ಬೂದಿ ನೀರಿನಲ್ಲಿ ಬೇಯಿಸಿ ಒಗೆಯುತ್ತಿದ್ದರಲ್ವಾ? ಒದ್ದೆಯಾದಾಗ ಹತ್ತಿಯ ಎಳೆ ಇನ್ನೂ ಗಟ್ಟಿಯಾಗುತ್ತದೆ, ಕಲ್ಲಿಗೆ ಬಡಿದರೂ ಪಂಚೆ ತಡೆದುಕೊಳ್ಳುವುದು ಅದಕ್ಕೇ. ರೇಷ್ಮೆ, ಉಣ್ಣೆ ಪ್ರಾಣಿಯಿಂದ ಬಂದದ್ದು, ನಮ್ಮ ಕೂದಲಿನ ಹಾಗೆ ಪ್ರೋಟೀನು. ಕ್ಷಾರ ಅದನ್ನು ತಿನ್ನುತ್ತದೆ. ಒದ್ದೆಯಾದಾಗ ಅವುಗಳ ಬಲ ಕಡಿಮೆಯಾಗುತ್ತದೆ, ಹಾಗಾಗಿ ಹಿಂಡಬಾರದು, ಉಜ್ಜಬಾರದು. ಕೆಲವು ಪುಡಿಗಳಲ್ಲಿ ಎಂಜೈಮ್ ಇರುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆ ತೆಗೆಯುವ ಎಂಜೈಮ್ ಅಂದರೆ ಪ್ರೋಟೀನನ್ನು ಕತ್ತರಿಸುವಂಥದ್ದು. ರೇಷ್ಮೆಯೂ ಪ್ರೋಟೀನೇ, ಎಂಜೈಮ್‌ಗೆ ಕಲೆ ಯಾವುದು ಸೀರೆ ಯಾವುದು ಅಂತ ಗೊತ್ತಾಗುವುದಿಲ್ಲ. ಇನ್ನು ಕ್ಲೋರಿನ್ ಬ್ಲೀಚು ರೇಷ್ಮೆ, ಉಣ್ಣೆಯ ಹತ್ತಿರವೂ ಬರಬಾರದು. ಗಟ್ಟಿ ಬ್ಲೀಚಿನಲ್ಲಿ ಉಣ್ಣೆಯ ನೂಲು ಹಾಕಿಟ್ಟರೆ ಕರಗಿಯೇ ಹೋಗುತ್ತದೆ.

ಹಾಗಾದರೆ ರೇಷ್ಮೆಗೆ ಏನು ಹಾಕಬೇಕು? ಅಂಟವಾಳ ಈಗಲೂ ಆಗುತ್ತದಾ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಒಂದು ಸೀರೆಗೆ ಎಂಟು ಹತ್ತು ಕಾಯಿ ಸಾಕು. ಬೀಜ ತೆಗೆದು ಸಿಪ್ಪೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಿವುಚಿ, ಹಳೇ ಪಾಣಿಪಂಚೆಯಲ್ಲಿ ಸೋಸಿ. ಸೋಸುವುದನ್ನು ಬಿಡಬೇಡಿ, ಸಿಪ್ಪೆಯ ಚೂರು ಜರಿಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಆ ನೀರನ್ನು ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ, ಸೀರೆಯನ್ನು ಐದು ನಿಮಿಷ ಅದ್ದಿ ಮೇಲೆ ಕೆಳಗೆ ಮಾಡಿ ತೆಗೆಯಿರಿ. ಮೂರು ಸಲ ಒಳ್ಳೇ ನೀರಲ್ಲಿ ಜಾಲಿಸಿ. ಹಿಂಡದೆ ದೊಡ್ಡ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರೆಲ್ಲ ಟವೆಲಿಗೆ ಹೋಗುತ್ತದೆ. ನೆರಳಲ್ಲಿ ಒಣಹಾಕಿ.

ಬಿಳಿ ರೇಷ್ಮೆಗೆ, ಪಟ್ಟೆ ಪಂಚೆಗೆ ಅಂಟವಾಳ ಬೇಡ, ನಸು ಕಂದು ಛಾಯೆ ಬಿಡುತ್ತದೆ. ಅದಕ್ಕೆ ಮಕ್ಕಳ ಶಾಂಪೂ ಒಂದು ಚಮಚ ಸಾಕು. ಒಳ್ಳೇ ಜರಿಯ ಮದುವೆ ಸೀರೆಯನ್ನು ಮನೆಯಲ್ಲಿ ಒಗೆಯಲೇಬೇಡಿ, ಡ್ರೈಕ್ಲೀನ್‌ಗೆ ಕೊಡಿ.

ಮಳೆಗಾಲದಲ್ಲಿ ಮೂರು ದಿನವಾದರೂ ಬಟ್ಟೆ ಒಣಗುವುದಿಲ್ಲ. ಏನು ಮಾಡುವುದು?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗಾಳಿಯೇ ಒದ್ದೆಯಾಗಿರುವಾಗ ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ? ಹೀಗಾಗಿ ಮೊದಲ ಕೆಲಸ ನೀರನ್ನು ಬಟ್ಟೆಯಿಂದ ಆದಷ್ಟು ಹೊರಗೆ ತೆಗೆಯುವುದು. ಮಷಿನ್ ಇದ್ದರೆ ಹತ್ತಿಯನ್ನು ಎರಡು ಸಲ ಸ್ಪಿನ್ ಮಾಡಿ. ಆಮೇಲೆ ಬೇಕಾದ್ದು ಬಿಸಿಗಿಂತ ಗಾಳಿಯ ಓಡಾಟ. ಫ್ಯಾನಿನ ಕೆಳಗೆ, ಒಂದಕ್ಕೊಂದು ತಾಗದ ಹಾಗೆ ಹರಡಿ. ಒಂದು ಗಳದ ಮೇಲೆ ಹತ್ತು ಬಟ್ಟೆ ತುರುಕುವ ಬದಲು ಐದೇ ಹಾಕಿ. ಕಿಟಕಿ ತೆರೆದರೆ ಹೊರಗಿನ ತೇವ ಒಳಗೆ ಬರುತ್ತದೆ, ಜೋರು ಮಳೆ ಇರುವಾಗ ಮುಚ್ಚಿಯೇ ಇರಲಿ.

ಶಿರಸಿ, ಸಿದ್ದಾಪುರದ ಕಡೆ ಹಳೇ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿರುತ್ತಾರೆ. ಒಳ್ಳೇ ಉಪಾಯ, ಬೇಗ ಒಣಗುತ್ತದೆ. ಆದರೆ ಹೊಗೆ ಕೂತು ಬಿಳಿ ಬಟ್ಟೆ ಹಳದಿಯಾಗುತ್ತದೆ, ಒಂದು ನಮೂನೆ ಹೊಗೆ ವಾಸನೆ ಶಾಲೆಯವರೆಗೂ ಹೋಗುತ್ತದೆ. ಬಣ್ಣದ ದಪ್ಪ ಬಟ್ಟೆಗೆ ಅದು ಸರಿ, ಮಕ್ಕಳ ಯೂನಿಫಾರ್ಮಿಗೆ ಬೇಡ.

ಒಣಗಿದೆಯಾ ಇಲ್ಲವಾ ಅಂತ ಕೈ ಮುಟ್ಟಿ ಹೇಳುವುದು ಕಷ್ಟ. ಕೊರಳ ಪಟ್ಟಿ, ಸೊಂಟದ ಪಟ್ಟಿ, ಜೇಬಿನ ಒಳಗನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ನೀರಿದೆ. ಅಂಥದ್ದನ್ನು ಮಡಚಿ ಇಡಬೇಡಿ, ಎಷ್ಟೇ ಅವಸರ ಇರಲಿ.

ಬೂಷ್ಟು ಬಂದೇಬಿಟ್ಟಿದೆ. ಹೋಗುತ್ತದಾ?

ಮೇಲಿನ ಬಿಳಿ ಪುಡಿ ಹೋಗುತ್ತದೆ. ಕಪ್ಪು ಚುಕ್ಕೆ ಆಗಿಬಿಟ್ಟಿದ್ದರೆ ಪೂರ್ತಿ ಹೋಗುವುದು ಕಷ್ಟ.

ಬಟ್ಟೆಯನ್ನು ಮೊದಲು ಮನೆ ಹೊರಗೆ ಒಯ್ಯಿರಿ. ಕೋಣೆಯೊಳಗೆ ಕೊಡವಿದರೆ ಅದರ ಬೀಜ ಉಳಿದ ಬಟ್ಟೆಗೆಲ್ಲ ಹೋಗಿ ಕೂರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಹತ್ತಿಯಾದರೆ ಒಂದು ಭಾಗ ಬಿಳಿ ವಿನೆಗರ್‌ಗೆ ನಾಲ್ಕು ಭಾಗ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆದು ಬಿಸಿಲಿಗೆ ಹಾಕಿ. ಬಿಳಿ ಹತ್ತಿಯ ಚುಕ್ಕೆಗೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಲ್ಲಿಡುವುದು ಹಳೇ ಮದ್ದು, ಸ್ವಲ್ಪ ತಿಳಿಯಾಗುತ್ತದೆ. ಬಣ್ಣದ ಬಟ್ಟೆಗೆ ಲಿಂಬೆ ಬೇಡ. ರೇಷ್ಮೆಯಾದರೆ ಬ್ರಷ್ ಮಾಡಿ, ಗಾಳಿಗೆ ಹರವಿ, ಅಷ್ಟಕ್ಕೇ ನಿಲ್ಲಿಸಿ.

ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲೇ ಇಡಬಹುದಲ್ವಾ? ಧೂಳು ಬರುವುದಿಲ್ಲ.

ಧೂಳು ಬರುವುದಿಲ್ಲ, ನಿಜ. ನಾನೂ ಹಾಗೇ ಅಂದುಕೊಂಡಿದ್ದೆ. ಆಯಿಯ ಹಸಿರು ಸೀರೆಯನ್ನು ಮದುವೆಯೊಂದರಿಂದ ಬಂದ ರಾತ್ರಿಯೇ ಜಿಪ್ ಇರುವ ಕವರಿಗೆ ಹಾಕಿ ಕಪಾಟಿನ ತಳಕ್ಕೆ ಸೇರಿಸಿದೆ. ಅದು ಮೇ ತಿಂಗಳ ಕೊನೆ. ನವರಾತ್ರಿಗೆ ತೆಗೆದಾಗ ಕವರಿನ ಒಳಮೈಯಲ್ಲಿ ನೀರಿನ ಹನಿಗಳು. ಜರಿ ಕಪ್ಪಾಗಿತ್ತು, ಕಂಕುಳ ಹತ್ತಿರ ಬೆವರು ಬಿದ್ದ ಜಾಗದಲ್ಲಿ ಹಸಿರು ಹಳದಿಯಾಗಿತ್ತು. ಸೀರೆಯನ್ನು ಬಿಚ್ಚುವಾಗ ಒಂದು ಮಡಿಕೆ ಸರ್ರನೆ ಕೊಯ್ದುಕೊಂಡಿತು. ಶಿರಸಿಯ ಅತ್ತೆ ನೋಡಿ ಬಯ್ಯಲಿಲ್ಲ, "ಅದ್ಕೂ ಗಾಳಿ ಆಡವು ಕೂಸೇ" (ಅದಕ್ಕೂ ಗಾಳಿ ಆಡಬೇಕು ಮಗಳೇ) ಅಂದರು ಅಷ್ಟೇ.

ಆದದ್ದು ಏನೆಂದರೆ, ಉಟ್ಟು ಬಿಚ್ಚಿದ ಸೀರೆಯಲ್ಲಿ ಮೈಯ ಬೆವರು, ಗಾಳಿಯ ತೇವ ಎರಡೂ ಇತ್ತು. ರೇಷ್ಮೆ ತನ್ನ ತೂಕದ ನೂರಕ್ಕೆ ಹತ್ತು ಹನ್ನೊಂದು ಭಾಗ ನೀರನ್ನು ಸುಮ್ನೆ ಗಾಳಿಯಿಂದಲೇ ಹೀರಿಕೊಂಡಿರುತ್ತದೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಪ್ಲಾಸ್ಟಿಕ್ ಅದನ್ನು ಹೊರಗೆ ಬಿಡಲಿಲ್ಲ. ಇನ್ನು ಅಸಲಿ ಜರಿ ಅಂದರೆ ಚಿನ್ನದ ನೀರು ಕೊಟ್ಟ ಬೆಳ್ಳಿ. ಮೈಸೂರು ಸಿಲ್ಕಿನ ಜರಿಯಲ್ಲಿ ಬೆಳ್ಳಿ 65%, ಚಿನ್ನ 0.65% ಮಾತ್ರ. ತೇವ ತಾಗಿದರೆ ದೇವರ ಮನೆಯ ಬೆಳ್ಳಿ ದೀಪದ ಹಾಗೇ ಕಪ್ಪಾಗುತ್ತದೆ. ಸೆಂಟು ಹೊಡೆದರೂ ಹಾಗೇ.

ಈಗ ಮಾಡುವುದು ಹೀಗೆ. ಉಟ್ಟು ಬಂದ ಸೀರೆಯನ್ನು ಒಂದು ರಾತ್ರಿ ಫ್ಯಾನಿನ ಕೆಳಗೆ ಹರವಿ, ಒಗೆದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ ಇಡುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತೇನೆ, ಒಂದೇ ಗೆರೆಯಲ್ಲಿ ಮಡಚಿದರೆ ಆ ಗೆರೆಯಲ್ಲೇ ಹರಿಯುತ್ತದೆ. ಅಕ್ಟೋಬರ್ ಕಳೆದು ಗಾಳಿ ಒಣಗಿದ ಮೇಲೆ ಎಲ್ಲವನ್ನೂ ತೆಗೆದು ನೆರಳಲ್ಲಿ ಹಾಕುವುದು ವರ್ಷದ ಕೆಲಸ. ಚಿರೆಕಲ್ಲಿನ ಹೊರಗೋಡೆಗೆ ತಾಗಿ ಕಪಾಟು ಇದ್ದರೆ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಆ ಗೋಡೆ ಮಳೆಗಾಲದಲ್ಲಿ ನೀರು ಕುಡಿದಿರುತ್ತದೆ.

ನುಸಿಗುಳಿಗೆ ಹಾಕಬೇಕಾ, ಬೇವಿನ ಸೊಪ್ಪು ಸಾಕಾ?

ಯಾವ ಹುಳ ಅನ್ನುವುದರ ಮೇಲೆ. ಉಣ್ಣೆ, ರೇಷ್ಮೆ ತಿನ್ನುವುದು ಬಟ್ಟೆ ಪತಂಗದ ಮರಿಹುಳ. ಗಂಜಿ ಹಾಕಿದ ಹತ್ತಿಯನ್ನು ಕೆರೆದು ತಿನ್ನುವುದು ಬೆಳ್ಳಿಹುಳ. ಎರಡಕ್ಕೂ ಬೆವರು, ಊಟದ ಕಲೆ ಇರುವ ಬಟ್ಟೆಯೆಂದರೆ ಇಷ್ಟ. ಹಾಗಾಗಿ ತೊಳೆದು, ಪೂರ್ತಿ ಒಣಗಿಸಿ ಇಡುವುದೇ ಅರ್ಧ ಮದ್ದು.

ನುಸಿಗುಳಿಗೆ ಕೆಲಸ ಮಾಡುತ್ತದೆ, ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ. ಬಟ್ಟೆಗೆ, ಅದರಲ್ಲೂ ಜರಿಗೆ ತಾಗಬಾರದು, ಚಿಂದಿಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಹಸುಗೂಸಿನ ಬಟ್ಟೆ, ದುಪ್ಪಟಿಗೆ ನುಸಿಗುಳಿಗೆ ಬೇಡವೇ ಬೇಡ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ನುಸಿಗುಳಿಗೆಯ ನ್ಯಾಫ್ತಲೀನ್ ತಾಗಿದರೆ ರಕ್ತದ ಕೆಂಪು ಕಣ ಒಡೆದು ಕಾಮಾಲೆಯಾಗಬಹುದು. ಬಾಣಂತನಕ್ಕೆ ಅಂತ ಹಳೇ ಟ್ರಂಕಿನಿಂದ ಬಟ್ಟೆ ತೆಗೆಯುವವರು ಒಗೆದು, ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಹಾಕಿ.

ಬೇವಿನ ಸೊಪ್ಪು ಹಾಕುವುದಾದರೆ ಗರಿಗರಿ ಒಣಗಿರಲಿ, ಹಸಿ ಸೊಪ್ಪು ತಾನೇ ಬೂಷ್ಟು ತರುತ್ತದೆ. ನನಗೆ ಲಾವಂಚದ ಬೇರು ಇಷ್ಟ. ಕುಮಟಾ, ಹೊನ್ನಾವರದ ಕಡೆ ಸುಲಭವಾಗಿ ಸಿಗುತ್ತದೆ. ಹುಳ ಓಡುತ್ತದೋ ಇಲ್ಲವೋ, ಕಪಾಟು ತೆಗೆದಾಗ ಮೊದಲ ಮಳೆಯ ವಾಸನೆ ಬರುತ್ತದೆ.

ಕಡಲ ತೀರಕ್ಕೆ ಹೋಗಿ ಬಂದ ಬಟ್ಟೆ ಒಣಗಿದರೂ ಅಂಟಂಟು. ಯಾಕೆ?

ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರಾಗುವುದನ್ನು ನೋಡಿದ್ದೀರಲ್ಲ, ಇದೂ ಅದೇ. ಗಾಳಿಯ ತೇವ 75% ದಾಟಿದರೆ ಉಪ್ಪು ನೀರನ್ನು ಎಳೆದುಕೊಳ್ಳಲು ಶುರುಮಾಡುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಬೇಸಿಗೆಯಲ್ಲಿ ಮಾತ್ರ ಉಪ್ಪು ಬೆಳೆಯುವುದೂ ಇದಕ್ಕೇ. ಸಮುದ್ರದ ನೀರು ಬಿದ್ದ ಅಂಗಿ ಒಣಗಿದಾಗ ಎಳೆಗಳ ಮಧ್ಯೆ ಉಪ್ಪಿನ ಹರಳು ಉಳಿಯುತ್ತದೆ. ರಾತ್ರಿ ಅದು ತೇವ ಎಳೆಯುತ್ತದೆ, ಬಟ್ಟೆ ಎಂದೂ ಪೂರ್ತಿ ಒಣಗುವುದಿಲ್ಲ. ಹರಳಿನ ಚೂಪು ಎಳೆಯನ್ನೂ ಸವೆಸುತ್ತದೆ.

ಸೋಪಿನಿಂದ ಉಪಯೋಗವಿಲ್ಲ. ಮನೆಗೆ ಬಂದ ತಕ್ಷಣ ಸಿಹಿನೀರಲ್ಲಿ ಎರಡು ಸಲ ಜಾಲಿಸಿದರೆ ಮುಗಿಯಿತು. ಮರಳನ್ನು ಮಾತ್ರ ಒಣಗಿದ ಮೇಲೆ ಕೊಡವಿ. ಕಡಲ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯನ್ನು ಸಂಜೆಗೆ ಮುಂಚೆ ಒಳಗೆ ತನ್ನಿ. ತಂತಿಯೂ ಕಬ್ಬಿಣದ್ದಾಗಿದ್ದರೆ ಈ ಗಾಳಿಗೆ ಒಂದೇ ವರ್ಷದಲ್ಲಿ ತುಕ್ಕು, ಆ ತುಕ್ಕಿನ ಗೆರೆ ನೇರ ಬಿಳಿ ಅಂಗಿಯ ಬೆನ್ನಿಗೆ. ನೈಲಾನ್ ಹಗ್ಗ ಕಟ್ಟಿ.

ಅರಿಶಿನ, ಅಡಿಕೆ ಚೊಗರು, ಗೇರುಹಣ್ಣು, ಮುರುಗಲು (ಪುನರ್ಪುಳಿ)... ಯಾವ ಕಲೆಗೆ ಯಾವ ಮದ್ದು?

ಅರಿಶಿನದಿಂದ ಶುರುಮಾಡುತ್ತೇನೆ, ಅದು ಹೆದರಿಸುವುದು ಜಾಸ್ತಿ, ಹೋಗುವುದು ಸುಲಭ. ಕಲೆಗೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತದೆ. ಕುಂಕುಮ ಚೆಲ್ಲಿದ ಹಾಗೆ ಕಾಣುತ್ತದೆ, ಬಟ್ಟೆ ಹಾಳಾಯಿತು ಅಂತ ಅನಿಸುತ್ತದೆ. ಅದು ಸೋಪಿನ ಕ್ಷಾರಕ್ಕೆ ಬಣ್ಣ ಬದಲಿಸಿದ್ದಷ್ಟೇ. ನೀರಲ್ಲಿ ಜಾಲಿಸಿದರೆ ಮತ್ತೆ ಹಳದಿ. ಅರಿಶಿನದ ಬಣ್ಣ ಬೆಳಕಿಗೆ ಒಡೆದುಹೋಗುತ್ತದೆ, ಬಿಳಿ ಹತ್ತಿಯನ್ನು ಎರಡು ದಿನ ಒಳ್ಳೇ ಬಿಸಿಲಿಗೆ ಹಾಕಿದರೆ ಕಲೆ ಎಲ್ಲಿತ್ತು ಅಂತ ಹುಡುಕಬೇಕು.

ಅಡಿಕೆ ಚೊಗರಿನದು ಬೇರೆ ಕತೆ. ಚೊಗರು ಅಂದರೆ ಅಡಿಕೆ ಬೇಯಿಸಿದ ನೀರು, ಕೆಂಪಡಿಕೆಗೆ ಆ ಬಣ್ಣ ಕೊಡುವುದೇ ಅದು. ಹತ್ತಿಗೂ ಅದು ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಅದರ ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪೇ ಆಗುತ್ತದೆ, ಕಬ್ಬಿಣದಂಶ ಇರುವ ಬಾವಿನೀರಲ್ಲಿ ಒಗೆದಾಗ ಕಲೆ ಇನ್ನಷ್ಟು ಕಪ್ಪಾಗುವುದು ಹಾಗೆ. ಬಿದ್ದ ತಕ್ಷಣ ತಣ್ಣೀರು ಸುರಿದರೆ ಸ್ವಲ್ಪ ಹೋಗುತ್ತದೆ. ಒಣಗಿದ ಮೇಲೆ ಜಗಳ ಬೇಡ. ಅಡಿಕೆ ಸುಲಿಯುವ ದಿನಗಳಿಗೆ ಅಂತ ಒಂದು ಜೊತೆ ಹಳೇ ಬಟ್ಟೆ ಇಡುವುದು ತೋಟದ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಗೇರುಹಣ್ಣಿನ ರಸ, ಬಾಳೆಯ ಸೊನೆಯೂ ಇದೇ ಜಾತಿ. ಬೀಳುವಾಗ ಬಣ್ಣವೇ ಇರುವುದಿಲ್ಲ, ಒಣಗುತ್ತಾ ಕಂದಾಗುತ್ತದೆ.

ಮುರುಗಲ ರಸ ಕೆಂಪಾಗಿ ಕಂಡರೂ ಸಾಧು. ಸೋಪು ಹಾಕುವ ಮೊದಲು ತಣ್ಣೀರಲ್ಲಿ ತೊಳೆದರೆ ಬಹುಪಾಲು ಬಿಡುತ್ತದೆ.

ಉಂಬಳ ಕಚ್ಚಿದ ರಕ್ತ ಕೇಳಿದವರು ತುಂಬಾ ಜನ. ಅದರ ಜೊಲ್ಲಿನಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹರಿಯುತ್ತಲೇ ಇರುತ್ತದೆ, ಪಂಚೆಯೆಲ್ಲ ಕೆಂಪು. ಬಿಸಿನೀರು ಹಾಕಬೇಡಿ, ಮೊಟ್ಟೆ ಬೆಂದ ಹಾಗೆ ರಕ್ತ ಅಲ್ಲೇ ಗಟ್ಟಿಯಾಗುತ್ತದೆ. ತಣ್ಣೀರಿಗೆ ಒಂದು ಮುಷ್ಟಿ ಉಪ್ಪು ಹಾಕಿ ನೆನೆಸಿ, ಆಮೇಲೆ ಸೋಪು.

ಎಣ್ಣೆ ಬಿದ್ದರೆ ಕಡಲೆಹಿಟ್ಟು ಅಥವಾ ಪೌಡರ್ ಉದುರಿಸಿ ಒಂದು ಗಂಟೆ ಬಿಡಿ, ಕೊಡವಿ, ಒಗೆಯಿರಿ.

ಹೊಸ ಇಳಕಲ್ ಸೀರೆಯ ಬಣ್ಣ ಬಿಡುತ್ತದೆ. ಉಪ್ಪುನೀರಲ್ಲಿ ಹಾಕಿದರೆ ನಿಲ್ಲುತ್ತದಾ?

ಇಲ್ಲ. ಎಲ್ಲರೂ ಹೇಳುತ್ತಾರೆ, ನಮ್ಮ ಆಯಿಯೂ ಹೇಳುತ್ತಿದ್ದರು. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಹತ್ತಿಗೆ ಬಣ್ಣ ಎಳೆಯಲು ಸಹಾಯ ಮಾಡುತ್ತದೆ, ಅದು ನಿಜ. ಸೀರೆ ನಿಮ್ಮ ಮನೆಗೆ ಬಂದ ಮೇಲೆ ಆ ಕೆಲಸ ಮುಗಿದಿದೆ. ಬಿಡುವುದು ಅಂಟದೆ ಉಳಿದ ಹೆಚ್ಚುವರಿ ಬಣ್ಣ. ಮೊದಲ ಮೂರು ನಾಲ್ಕು ಸಲ ಬೇರೆಯಾಗಿ, ತಣ್ಣೀರಲ್ಲಿ, ನೆನೆಹಾಕದೆ ಬೇಗ ಬೇಗ ತೊಳೆದು ತೆಗೆಯಿರಿ. ಒದ್ದೆ ಸೀರೆಯನ್ನು ಮುದ್ದೆ ಮಾಡಿ ಬಕೆಟಿನಲ್ಲಿ ಬಿಟ್ಟು ಫೋನಿನಲ್ಲಿ ಮಾತಾಡುತ್ತಾ ಕೂತರೆ ಕೆಂಪು ಸೆರಗು ಮೈಗೆಲ್ಲ ಹತ್ತುತ್ತದೆ.

ಖಾದಿಯದೂ ಕೇಳುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಿಂದ ಬಟ್ಟೆ ತಂದವರು ಹೊಲಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುವುದು ಸಾಮಾನ್ಯ. ಟೈಲರ್ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಗಂಜಿ ಹಾಕಬಹುದಾ?

ಹಾಕಿ, ಉಡುವ ಬಟ್ಟೆಗೆ. ಬೆಳ್ತಿಗೆ ಅಕ್ಕಿಯ ತೆಳು ಗಂಜಿ ಸೋಸಿ ಹಾಕಿದರೆ ಹತ್ತಿ ಸೀರೆ ನಿಂತು ಬರುತ್ತದೆ, ಕೊಳೆಯೂ ಗಂಜಿಗೆ ಅಂಟಿ ಮುಂದಿನ ಒಗೆತದಲ್ಲಿ ಹೋಗುತ್ತದೆ. ಮಳೆಗಾಲಕ್ಕೆ ಎತ್ತಿಡುವ ಬಟ್ಟೆಗೆ ಮಾತ್ರ ಬೇಡ. ಬೂಷ್ಟಿಗೂ ಬೆಳ್ಳಿಹುಳಕ್ಕೂ ನೀವೇ ಊಟ ಬಡಿಸಿದ ಹಾಗೆ.

ಸ್ವೆಟರ್ ಒಗೆದ ಮೇಲೆ ಮಗುವಿಗೆ ಆಗುವಷ್ಟಾಯಿತು. ಸರಿ ಮಾಡಬಹುದಾ?

ಆಗುವುದಿಲ್ಲ. ಉಣ್ಣೆಯ ಕೂದಲಿಗೆ ಮೀನಿನ ಹಾಗೆ ಸಣ್ಣ ಹುರುಪೆ ಇರುತ್ತದೆ. ಬಿಸಿನೀರು, ಕುಲುಕಾಟ ಎರಡೂ ಸೇರಿದರೆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಬಿಡಿಸಲು ಬರುವುದಿಲ್ಲ. ತಣ್ಣೀರು, ಶಾಂಪೂ, ಕೈಯಲ್ಲಿ ಒತ್ತುವುದು, ಚಾಪೆಯ ಮೇಲೆ ಚಪ್ಪಟೆಯಾಗಿ ಒಣಗಿಸುವುದು. ನೇತುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ.

ಕಂಬಳಿಯನ್ನು ಒಗೆಯುವುದೇ ಅಪರೂಪ. ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದವರ ಕಂಬಳಿಯಲ್ಲಿ ಕುರಿಯ ಜಿಡ್ಡು ಉಳಿದಿರುತ್ತಿತ್ತು, ಮಳೆ ನೀರು ಜಾರುತ್ತಿದ್ದುದರಲ್ಲಿ ಆ ಜಿಡ್ಡಿನ ಪಾಲೂ ಇದೆ. ಸೋಪು ಅದನ್ನು ತೆಗೆಯುತ್ತದೆ. ಬಿಸಿಲಿಗೆ ಹಾಕಿ ಬಡಿದರೆ ಸಾಕು.

ಇಸ್ತ್ರಿ?

ಹತ್ತಿ, ಲಿನನ್ ಸ್ವಲ್ಪ ಒದ್ದೆ ಇರುವಾಗ. ರೇಷ್ಮೆಯನ್ನು ಒಳಮಗ್ಗುಲಿಗೆ ತಿರುಗಿಸಿ, ಮೇಲೊಂದು ತೆಳು ಬಟ್ಟೆ ಹಾಕಿ, ಕಡಿಮೆ ಬಿಸಿಯಲ್ಲಿ. ರೇಷ್ಮೆಗೆ ನೀರು ಚಿಮುಕಿಸಬೇಡಿ, ಹನಿಯ ಗುರುತು ಉಳಿಯುತ್ತದೆ. ಗೆರಟೆ ಕೆಂಡದ ಇಸ್ತ್ರಿಪೆಟ್ಟಿಗೆಯವರ ಕೈ ಹದವಾದದ್ದು, ಆದರೆ ಒಂದು ಕಿಡಿ ಸಾಕು. ಒಳ್ಳೇ ಸೀರೆ ಅಲ್ಲಿಗೆ ಕೊಡುವುದಿಲ್ಲ ನಾನು. ಮಳೆಗಾಲದಲ್ಲಿ ಇಸ್ತ್ರಿ ಆದ ಬಿಸಿ ಬಟ್ಟೆಯನ್ನು ತಣಿಯಲು ಬಿಟ್ಟು ಕಪಾಟಿಗೆ ಸೇರಿಸಿ.

ಎಷ್ಟು ದಿನಕ್ಕೊಮ್ಮೆ ಒಗೆಯಬೇಕು?

ಮೈಗೆ ತಾಗುವ ಹತ್ತಿ ಪ್ರತಿ ಸಲ, ನಮ್ಮ ಸೆಕೆಗೆ ಬೇರೆ ದಾರಿಯಿಲ್ಲ. ಜೀನ್ಸ್, ಉಣ್ಣೆ, ರೇಷ್ಮೆ ಗಾಳಿಗೆ ಹಾಕಿ ಮತ್ತೆ ಉಡಬಹುದು. ಮಷಿನ್‌ಗೆ ಹಾಕುವಾಗ ಜಿಪ್ ಎಳೆದು, ಒಳಮಗ್ಗುಲು ಮಾಡಿ, ತೆಳು ಬಟ್ಟೆಯನ್ನು ಬಲೆ ಚೀಲದಲ್ಲಿ. ಪುಡಿ ಹೇಳಿದ್ದರ ಅರ್ಧ ಸಾಕು.

ಹತ್ತಿ ಸೀರೆ ಪೂರ್ತಿ ಜೀರ್ಣವಾಯಿತು. ಎಸೆಯಬೇಕಾ?

ಮೆತ್ತಗಾದ ಹಳೇ ಹತ್ತಿಗೆ ಸಮನಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಮಗುವಿನ ಲಂಗೋಟಿ, ರೇಷ್ಮೆ ಸುತ್ತುವ ಬಟ್ಟೆ, ಒರೆಸುವ ಚಿಂದಿ ಎಲ್ಲ ಆದ ಮೇಲೂ ಉಳಿದರೆ ಕೌದಿ ಹೊಲಿಯಿರಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿ ನೋಡಿ. ಅಂಚಿನಿಂದ ಶುರುಮಾಡಿ ಒಳಕ್ಕೆ ಹೊಲಿಯುತ್ತಾ ಹೋಗುತ್ತಾರೆ, ಬಣ್ಣದ ತುಂಡುಗಳು ಸುತ್ತು ಸುತ್ತಾಗಿ ನಡುವಿಗೆ ಬಂದು ಸೇರುತ್ತವೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ತುಂಡು ಹಚ್ಚುತ್ತಾರೆ, ಅದಕ್ಕೆ ಫುಲಾ ಅಂತಾರೆ, ಅಂದರೆ ಹೂವು. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಆಯಿಯ ಹಸಿರು ಸೀರೆಯ ಹರಿಯದೆ ಉಳಿದ ಭಾಗವನ್ನು ನಾನು ನಮ್ಮ ಮನೆಯ ಕೌದಿಯ ಮೂಲೆಗಳಿಗೆ ಅಂತ ಎತ್ತಿಟ್ಟಿದ್ದೇನೆ, ಬಿಳಿ ಪಂಚೆಯಲ್ಲಿ ಸುತ್ತಿ.